ಡ್ಯಾಮ್ ತುಂಬಿತು, ನಮ್ಮ ತೂಬಿಗೆ ಯಾವಾಗ?

ಬೇಲೂರಿನ ಬಸ್ ನಿಲ್ದಾಣದಲ್ಲಾಗಲಿ, ಹಳೇಬೀಡಿನ ಟೀ ಅಂಗಡಿಯಲ್ಲಾಗಲಿ, ಮುಂಗಾರು ಬಲಿತ ಮೇಲೆ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. "ಡ್ಯಾಮ್ ತುಂಬೈತಂತಲ್ಲಣ್ಣ, ನಮ್ ತೂಬಿಗೆ ಯಾವಾಗ ಬಿಡ್ತಾರಂತೆ?" ಪತ್ರಿಕೆಯಲ್ಲಿ ಯಗಚಿ ಜಲಾಶಯದ ಗೇಟುಗಳಿಂದ ನೊರೆ ಚಿಮ್ಮುವ ಚಿತ್ರ ಬಂದಿರುತ್ತದೆ, ಬಾಗಿನ ಅರ್ಪಿಸಿದ ಸುದ್ದಿ ಬಂದಿರುತ್ತದೆ. ಕೇಳಿದವನ ಹೊಲದ ಅಂಚಿನ ಕಾಲುವೆಯಲ್ಲಿ ಮಾತ್ರ ಹೋದ ವರ್ಷದ ಹೂಳು, ಅದರ ಮೇಲೆ ಮೊಳಕಾಲುದ್ದ ಪಾರ್ಥೇನಿಯಂ.

ಆ ಪ್ರಶ್ನೆಗೆ ತಾರೀಖಿನ ಉತ್ತರ ಸಿಕ್ಕರೂ ಅದು ಅರ್ಧ ಉತ್ತರವೇ. ತುಂಬಿದ ಡ್ಯಾಮಿಗೂ ನೆನೆದ ಹೊಲಕ್ಕೂ ನಡುವೆ ಲೆಕ್ಕ ಇದೆ, ಇಳಿಜಾರು ಇದೆ, ಸರದಿ ಇದೆ, ಸೋರಿಕೆ ಇದೆ. ಇವು ಗೊತ್ತಿದ್ದವರು ಯಾವ ಕಚೇರಿಯಲ್ಲಿ, ಯಾವ ತಿಂಗಳಲ್ಲಿ, ಏನು ಕೇಳಬೇಕೆಂದು ತಿಳಿದುಕೊಂಡು ಕೇಳುತ್ತಾರೆ.

ಮೊದಲು ನೀರಿನ ಲೆಕ್ಕ

ಯಗಚಿ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟಸಾಲಿನಲ್ಲಿ. ಬೇಲೂರಿನ ಪಕ್ಕದಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟು 2001ರದ್ದು. ಉದ್ದ 1,280 ಮೀಟರ್, ಎತ್ತರ ಸುಮಾರು 26 ಮೀಟರ್, ತುಂಬಿದಾಗ ಹಿಡಿಯುವ ನೀರು ಸುಮಾರು 3.6 ಟಿಎಂಸಿ. ಇದನ್ನು ನೋಡಿಕೊಳ್ಳುವುದು ಕಾವೇರಿ ನೀರಾವರಿ ನಿಗಮ. ಇಲ್ಲಿಂದ ಕೆಳಗೆ ಹರಿದ ಯಗಚಿ ಹೇಮಾವತಿಯನ್ನು ಸೇರುತ್ತದೆ. ಗೊರೂರಿನ ಹೇಮಾವತಿ ಜಲಾಶಯ ಹಿಡಿಯುವುದು 37 ಟಿಎಂಸಿಗೂ ಸ್ವಲ್ಪ ಹೆಚ್ಚು. ಅದರ ಮುಂದೆ ಯಗಚಿ ಹತ್ತರಲ್ಲಿ ಒಂದು ಪಾಲು. ಚಿಕ್ಕ ಡ್ಯಾಮು ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. "ತುಂಬಿತು" ಎಂಬ ಸುದ್ದಿ ಓದುವಾಗ ಇದು ನೆನಪಿರಬೇಕು.

ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕೇಳಲು ದೊಡ್ಡದು, ಆದರೆ ಕಣ್ಣಿಗೆ ಕಟ್ಟುವುದಿಲ್ಲ. ಹೊಲದ ಭಾಷೆಗೆ ಇಳಿಸಿದರೆ ಹೀಗೆ: ಒಂದು ಟಿಎಂಸಿ ನೀರನ್ನು ಒಂದು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ ಮುಚ್ಚುತ್ತದೆ. ಯಗಚಿಯ 3.6 ಟಿಎಂಸಿಯನ್ನು ಹಾಗೆ ಹರಡಿದರೆ 82 ಸಾವಿರ ಎಕರೆ ದಾಟುತ್ತದೆ. ಭತ್ತಕ್ಕೆ ಒಂದು ಬೆಳೆಗೆ ನಾಲ್ಕು ಅಡಿ ನೀರು ಬೇಕೆಂದು ಹಿಡಿಯಿರಿ; 82 ಸಾವಿರ ಇಪ್ಪತ್ತು ಸಾವಿರಕ್ಕೆ ಇಳಿಯಿತು. ಕಾಲುವೆಯಲ್ಲಿ ಬರುವಾಗ ಅರ್ಧ ನೀರು ಇಂಗಿ, ಸೋರಿ ಹೋಯಿತೆನ್ನಿ, ಹತ್ತು ಸಾವಿರ. ಅದೇ ನೀರಿನಲ್ಲಿ ರಾಗಿ ಬೆಳೆದು ಒಂದೂಕಾಲು ಅಡಿ ಕೊಟ್ಟರೆ, ಅರ್ಧ ಸೋರಿದ ಮೇಲೂ 33 ಸಾವಿರ ಎಕರೆಗೆ ಸಾಲುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಇದರಲ್ಲಿ ಕುಡಿಯುವ ನೀರಿಗೆ ತೆಗೆದಿಡುವ ಪಾಲನ್ನು ಕಳೆದಿಲ್ಲ, ಮಳೆಗಾಲದಲ್ಲಿ ಬಿಟ್ಟಷ್ಟೂ ಮತ್ತೆ ಬಂದು ತುಂಬುವ ನೀರನ್ನು ಕೂಡಿಸಿಲ್ಲ. ಆದರೂ ನಿಗಮದವರು "ಭತ್ತ ಹಾಕಬೇಡಿ, ಅರೆ ನೀರಾವರಿ ಬೆಳೆ ಹಾಕಿ" ಎನ್ನುವುದು ಯಾಕೆಂದು ಈ ಮೂರು ಸಾಲಿನಲ್ಲೇ ತಿಳಿಯುತ್ತದೆ. ಮೇಲಿನವನು ಒಂದು ಎಕರೆ ಭತ್ತ ನಾಟಿ ಮಾಡಿದರೆ ಕೆಳಗಿನ ಮೂರು ಎಕರೆ ರಾಗಿಯ ನೀರು ಅಲ್ಲೇ ನಿಂತಿತು.

ಜಲಾಶಯದ ತಳದ ನೀರು ನಾಲೆಗೆ ಬರುವುದಿಲ್ಲ. ತೂಬಿನ ಹೊಸ್ತಿಲಿಗಿಂತ ಕೆಳಗೆ ಉಳಿಯುವ ಈ ನೀರನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ನದಿ ಹೊತ್ತು ತರುವ ಹೂಳು ಕೂರಲೆಂದೇ ಬಿಟ್ಟ ಜಾಗ ಅದು. ಇನ್ನೊಂದು ಸಂಗತಿ: ಜಲಾಶಯ ಬಾಣಲೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಗರಿಷ್ಠ ಮಟ್ಟದಿಂದ ಒಂದು ಮೀಟರ್ ಇಳಿದರೆ ಹೋಗುವ ನೀರು, ತಳದ ಹತ್ತಿರದ ಒಂದು ಮೀಟರ್ ನೀರಿನ ಎಷ್ಟೋ ಪಟ್ಟು. "ಇನ್ನೂ ಅರ್ಧ ಡ್ಯಾಮ್ ಇದೆ" ಎಂದು ಎತ್ತರ ನೋಡಿ ಹೇಳುವವರು ಇಲ್ಲೇ ತಪ್ಪುತ್ತಾರೆ. ಅರ್ಧ ಎತ್ತರಕ್ಕೆ ಇಳಿದ ಜಲಾಶಯದಲ್ಲಿ ಅರ್ಧ ನೀರು ಇರುವುದಿಲ್ಲ.

ಪತ್ರಿಕೆಯ ಒಳಹರಿವು, ಹೊರಹರಿವು ಕ್ಯುಸೆಕ್‌ನಲ್ಲಿ ಇರುತ್ತವೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಸುಮಾರು 11,600 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಒಳಹರಿವು ಸಾವಿರ, ಹೊರಹರಿವು ನಾನೂರು ಎಂದು ಬರೆದಿದ್ದರೆ ಉಳಿಯುವುದು ಆರುನೂರು. ಅದೇ ಗತಿಯಲ್ಲಿ ಒಂದು ಟಿಎಂಸಿ ಕೂಡಲು ಹತ್ತೊಂಬತ್ತು ದಿನ ಬೇಕು.

ನೀರಿಗೆ ಇಳಿಜಾರೇ ದಾರಿ

ಡ್ಯಾಮಿನಿಂದ ಹೊರಟ ಮುಖ್ಯ ನಾಲೆ ನೇರ ಹೋಗುವುದಿಲ್ಲ. ಗುಡ್ಡದ ಸೊಂಟ ಬಳಸಿ, ಸಮಮಟ್ಟದ ಗೆರೆಗೆ ಅಂಟಿಕೊಂಡು, ಕಿಲೋಮೀಟರಿಗೆ ಗೇಣುದ್ದವೂ ಇಳಿಯದಂತೆ ಸುತ್ತಿ ಸುತ್ತಿ ಸಾಗುತ್ತದೆ. ಎತ್ತರ ಕಳೆದುಕೊಂಡಷ್ಟೂ ನೀರುಣಿಸಬಹುದಾದ ಭೂಮಿ ಕಡಿಮೆಯಾಗುತ್ತದೆ, ಅದಕ್ಕೇ ಈ ಜಿಪುಣತನ. ನಾಲೆಯ ಕೆಳಬದಿಗೆ ಇರುವುದು ಅಚ್ಚುಕಟ್ಟು. ಮೇಲ್ಬದಿಯ ಹೊಲ ನಾಲೆಗೆ ಹತ್ತು ಮಾರು ದೂರದಲ್ಲೇ ಇದ್ದರೂ ಅಚ್ಚುಕಟ್ಟಲ್ಲ, ಏಕೆಂದರೆ ಅಲ್ಲಿಗೆ ನೀರು ತಾನಾಗಿ ಏರುವುದಿಲ್ಲ. "ನಮ್ಮೂರ ಪಕ್ಕದಲ್ಲೇ ನಾಲೆ ಹೋಗಿದೆ, ನಮಗೆ ಹನಿ ನೀರಿಲ್ಲ" ಎಂಬ ಸಂಕಟ ಈ ಸೀಮೆಯಲ್ಲಿ ಸುಳ್ಳಲ್ಲ. ಆ ಊರುಗಳ ಬೇಡಿಕೆ ಏತ ನೀರಾವರಿಯದ್ದು ಅಥವಾ ಕೆರೆ ತುಂಬಿಸುವುದರದ್ದು ಆಗಬೇಕು. ತೂಬಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ವ್ಯರ್ಥ.

ಮುಖ್ಯ ನಾಲೆಯಿಂದ ಶಾಖಾ ನಾಲೆ, ಅಲ್ಲಿಂದ ವಿತರಣಾ ನಾಲೆ, ಅಲ್ಲಿಂದ ಸೀಳುಗಾಲುವೆ, ಕೊನೆಗೆ ಹೊಲಗಾಲುವೆ. ಮೇಲಿನ ಹಂತಗಳಲ್ಲಿ ಗೇಟು, ಅಳತೆಪಟ್ಟಿ, ಸಿಬ್ಬಂದಿ ಇರುತ್ತಾರೆ. ಹೊಲಗಾಲುವೆಗೆ ಬರುವ ಹೊತ್ತಿಗೆ ಉಳಿಯುವುದು ಒಬ್ಬ ನೀರುಗಂಟಿ ಮತ್ತು ಊರವರ ಹೊಂದಾಣಿಕೆ. ಯೋಜನೆಗಳು ಸೋಲುವುದು ಬಹುಪಾಲು ಈ ಕೊನೆಯ ಒಂದು ಕಿಲೋಮೀಟರಿನಲ್ಲಿ. ಕೋಟಿಗಳ ಲೆಕ್ಕ ಅಣೆಕಟ್ಟಿನದ್ದು, ಬೆಳೆಯ ಲೆಕ್ಕ ಸನಿಕೆಯಲ್ಲಿ ತೋಡಿದ ಈ ಮಣ್ಣು ಕಾಲುವೆಯದ್ದು.

ಸೀಮೆಯ ನಡುವಿನ ದಿಣ್ಣೆ

ಬೇಲೂರು, ಹಳೇಬೀಡು, ಅರಸೀಕೆರೆ ನಕ್ಷೆಯಲ್ಲಿ ಒಂದೇ ಸಾಲಿನಲ್ಲಿ ಕಂಡರೂ ನೀರಿನ ಲೆಕ್ಕದಲ್ಲಿ ಬೇರೆ ಬೇರೆ. ಬೇಲೂರು ಎತ್ತರದಲ್ಲಿದೆ, ಹಳೇಬೀಡು ಅದಕ್ಕಿಂತ ತಗ್ಗು, ಅರಸೀಕೆರೆ ಇನ್ನೂ ತಗ್ಗು. ಇಷ್ಟಾದರೂ ಬೇಲೂರಿನ ನೀರು ತಾನಾಗಿ ಹಳೇಬೀಡಿಗೆ ಬರುವುದಿಲ್ಲ. ನಡುವೆ ದಿಣ್ಣೆ ಇದೆ. ದಿಣ್ಣೆಯ ಈಚೆ ಬಿದ್ದ ಮಳೆ ಯಗಚಿ, ಹೇಮಾವತಿ ಮೂಲಕ ಕಾವೇರಿಗೆ. ಆಚೆ ಹಳೇಬೀಡು, ಬೆಳವಾಡಿ ಕಡೆಯದ್ದು ವೇದಾವತಿಯ ಮೂಲಕ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ಅರಸೀಕೆರೆ ತಾಲ್ಲೂಕಿನ ಹಳ್ಳಗಳಲ್ಲೂ ಹಲವು ವೇದಾವತಿಯತ್ತಲೇ ಹೊರಟವು. ಜೊತೆಗೆ ಮಳೆಯ ವ್ಯತ್ಯಾಸ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಅರಸೀಕೆರೆಯಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ.

ಈ ದಿಣ್ಣೆ ದಾಟಿಸುವ ಹಂಬಲ ಹೊಸದಲ್ಲ. ಹೊಯ್ಸಳರ ರಾಜಧಾನಿಗೆ ದ್ವಾರಸಮುದ್ರ ಎಂಬ ಹೆಸರು ಬಂದದ್ದೇ ಕೆರೆಯಿಂದ. ಬೇಲೂರಿನಲ್ಲಿ ವಿಷ್ಣುಸಮುದ್ರ, ಹಳೇಬೀಡಿನಲ್ಲಿ ದ್ವಾರಸಮುದ್ರ, ಅತ್ತ ಅರಸಿಯ ಹೆಸರು ಹೊತ್ತ ಅರಸೀಕೆರೆ: ಈ ಸೀಮೆಯಲ್ಲಿ ಊರು ಎಂದರೆ ಕೆರೆಯೇ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೇಲೂರು, ಹಳೇಬೀಡಿನ ದೇವಾಲಯಗಳನ್ನು ನೋಡಲು ಬರುವವರು ಹೊಯ್ಸಳೇಶ್ವರನ ಪಕ್ಕದ ಏರಿಯ ಮೇಲೂ ಐದು ನಿಮಿಷ ನಿಲ್ಲಬೇಕೆಂದು ನನ್ನ ಆಸೆ. ಆ ಶಿಲ್ಪಿಗಳಿಗೆ ಅನ್ನ ಕೊಟ್ಟದ್ದು ಆ ಕೆರೆಯ ಕೆಳಗಿನ ಗದ್ದೆಗಳು. ಬೇಲೂರಿನ ಬಳಿಯ ರಣಘಟ್ಟದಲ್ಲಿ ಯಗಚಿಗೆ ಒಡ್ಡು ಹಾಕಿ ದ್ವಾರಸಮುದ್ರಕ್ಕೆ ನೀರು ತರುತ್ತಿದ್ದರು ಎಂಬ ಮಾತನ್ನು ಹಳೇಬೀಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಅದೇ ದಾರಿಯನ್ನು ಮತ್ತೆ ತೆರೆಯಿರಿ ಎಂದು ಹಳೇಬೀಡು, ಮಾದಿಹಳ್ಳಿ, ಜಾವಗಲ್ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದರು, ಪಾದಯಾತ್ರೆ ಮಾಡಿದರು. 2021ರಲ್ಲಿ ರಾಜ್ಯ ಸರ್ಕಾರ ರಣಘಟ್ಟ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಸುರಂಗವೂ ಸೇರಿದೆ. ದಿಣ್ಣೆಯನ್ನು ಕೊರೆದು ದಾಟಿಸಿದರೆ ಆಚೆಗೆ ನೀರು ಪಂಪಿಲ್ಲದೆ ಇಳಿದು ಹೋಗುತ್ತದೆ, ಕರೆಂಟಿನ ಬಿಲ್ಲಿಲ್ಲ. ಏತ ಯೋಜನೆಗಳು ಕಟ್ಟಿದ ಕೆಲವೇ ವರ್ಷಕ್ಕೆ ಮೋಟಾರು ಸುಟ್ಟು, ಬಿಲ್ಲು ಕಟ್ಟಲಾಗದೆ ನಿಲ್ಲುವುದನ್ನು ಕಂಡವರಿಗೆ ಈ ಗುಣದ ಬೆಲೆ ಗೊತ್ತು.

ಎತ್ತಿನಹೊಳೆ ಯೋಜನೆಯ ಬಗೆ ಬೇರೆ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಎಂಟು ಒಡ್ಡುಗಳಲ್ಲಿ ತಡೆದು, ಪಂಪುಗಳಿಂದ ಘಟ್ಟದ ಮೇಲಕ್ಕೆತ್ತಿ, ಅಲ್ಲಿಂದ ಇಳಿಜಾರು ನಾಲೆಯಲ್ಲಿ ಪೂರ್ವಕ್ಕೆ ಸಾಗಿಸುವುದು. ಶಂಕುಸ್ಥಾಪನೆ 2014ರಲ್ಲಿ, ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್ 6ರಂದು. ಯೋಜನೆಯ ಗಾತ್ರ 24.01 ಟಿಎಂಸಿ, ಅದರಲ್ಲಿ 14 ಟಿಎಂಸಿ ಏಳು ಜಿಲ್ಲೆಗಳ ಕುಡಿಯುವ ನೀರಿಗೆ, ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಲು. ಮುಂದಿನ ನಾಲೆ ಸಿದ್ಧವಾಗುವವರೆಗೆ ನೀರನ್ನು ಹಳೇಬೀಡು, ಬೆಳವಾಡಿ ಕೆರೆಗಳ ಮೂಲಕ ವೇದಾವತಿ ಕಣಿವೆಗೆ, ಅಲ್ಲಿಂದ ವಾಣಿವಿಲಾಸ ಸಾಗರದತ್ತ ಬಿಡುವ ದಾರಿ ಮಾಡಲಾಯಿತು. ಅರಸೀಕೆರೆಯ ರೈತರು ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು: ಎತ್ತಿನಹೊಳೆ ನಾಲೆಯಿಂದ ಹೊಲಕ್ಕೆ ತೂಬಿಲ್ಲ. ಅದು ಕುಡಿಯುವ ನೀರಿನ, ಕೆರೆ ತುಂಬುವ ಯೋಜನೆ. ನಿಮ್ಮೂರ ಕೆರೆ ಪಟ್ಟಿಯಲ್ಲಿದೆಯೇ, ಎಷ್ಟು ತುಂಬಿಸುತ್ತಾರೆ ಎಂದು ವಿಶ್ವೇಶ್ವರಯ್ಯ ಜಲ ನಿಗಮದ ಕಚೇರಿಯಲ್ಲಿ ವಿಚಾರಿಸಬೇಕು. ಯಗಚಿಯ ವಿಷಯಕ್ಕೆ ಕಾವೇರಿ ನೀರಾವರಿ ನಿಗಮ. ಈ ಎರಡು ಬಾಗಿಲು ಅದಲುಬದಲಾದರೆ ಅರ್ಜಿ ಊರೂರು ಅಲೆಯುತ್ತದೆ.

ಎರಡು ಯೋಜನೆಗಳಿಗೂ ಕೆರೆ ಬೇಕೇ ಬೇಕು. ನೀರು ಬರುವುದು ಮಳೆಗಾಲದ ಮೂರು ನಾಲ್ಕು ತಿಂಗಳು, ಬೇಕಾಗುವುದು ವರ್ಷಪೂರ್ತಿ. ನಾಲೆ ದೂರದಿಂದ ತರುತ್ತದೆ, ಕೆರೆ ಕಾಲದಿಂದ ಕಾಲಕ್ಕೆ ದಾಟಿಸುತ್ತದೆ. ಕೆರೆಗೆ ನಾಲೆಯ ನೀರು ಬಿಡುವ ಮೊದಲು ನೋಡಬೇಕಾದದ್ದು ಮೂರು. ತೂಬಿನ ಬಾಗಿಲು ಬಿಗಿಯಾಗಿ ಮುಚ್ಚುತ್ತದೆಯೇ, ಏರಿಯ ಮೇಲೆ ಬೇಲಿಜಾಲಿ ಬೇರುಬಿಟ್ಟು ಬಿರುಕು ತಂದಿದೆಯೇ, ಕೋಡಿ ಹಳ್ಳ ಒತ್ತುವರಿಯಾಗಿದೆಯೇ. ದಶಕಗಳಿಂದ ಒಣಗಿದ ಕೆರೆಯ ಏರಿ ಒಮ್ಮೆಲೇ ತುಂಬಿದರೆ ಒಡೆಯುವ ಅಪಾಯವಿದೆ. ಹಂತಹಂತವಾಗಿ ತುಂಬಿಸುವಂತೆ ಊರವರೇ ಒತ್ತಾಯಿಸಬೇಕು.

ಸರದಿ ಯಾರು ಗೊತ್ತುಮಾಡುತ್ತಾರೆ

ಎಂದು ನೀರು ಬಿಡಬೇಕು, ಎಷ್ಟು ದಿನ, ಯಾವ ಬೆಳೆಗೆ ಎಂಬುದನ್ನು ಹಂಗಾಮಿಗೆ ಮುಂಚೆ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಜಿಲ್ಲಾ ಉಸ್ತುವಾರಿ ಸಚಿವರು, ಶಾಸಕರು, ಎಂಜಿನಿಯರುಗಳು, ಕೃಷಿ ಇಲಾಖೆಯವರು ಕೂರುವ ಸಭೆ ಅದು. ಆ ತೀರ್ಮಾನ ಪ್ರಕಟಣೆಯಾಗಿ ಹೊರಬರುತ್ತದೆ. ಹೆಚ್ಚಿನವರು ಓದುವುದು ನೀರು ಬಿಡುವ ತಾರೀಖು ಮಾತ್ರ. ಓದಬೇಕಾದದ್ದು ಅದರ ಕೆಳಗಿನ ಸಾಲು: ನೀರು ನಿರಂತರವೋ ಕಟ್ಟುಪದ್ಧತಿಯೋ, ಕೊನೆಯ ದಿನ ಯಾವುದು, ಭತ್ತಕ್ಕೆ ಒಪ್ಪಿಗೆ ಇದೆಯೋ ಇಲ್ಲವೋ. ಕಟ್ಟುಪದ್ಧತಿ ಎಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ನಾಲೆಯಲ್ಲಿ ಸದಾ ಅರ್ಧ ನೀರು ಹರಿಸುವುದಕ್ಕಿಂತ ಸರದಿಯಲ್ಲಿ ತುಂಬು ನೀರು ಹರಿಸುವುದು ಕೊನೆಯ ಭಾಗದವರಿಗೆ ಒಳ್ಳೆಯದು. ಅರ್ಧ ನಾಲೆಯ ನೀರು ಮೇಲಿನ ತೂಬುಗಳಲ್ಲೇ ಮುಗಿದುಹೋಗುತ್ತದೆ, ತುಂಬು ನಾಲೆ ದೂರ ಮುಟ್ಟುತ್ತದೆ. ಸರದಿ ಪದ್ಧತಿಯನ್ನು ರೈತರ ಮೇಲಿನ ಶಿಕ್ಷೆ ಎಂದು ಬಗೆಯುವವರಿದ್ದಾರೆ. ನನ್ನ ಮಟ್ಟಿಗೆ ಅದು ಕೊನೆಯ ಹೊಲದವನಿಗೆ ಇರುವ ಒಂದೇ ರಕ್ಷಣೆ.

1965ರ ಕರ್ನಾಟಕ ನೀರಾವರಿ ಕಾಯ್ದೆ ಇವೆಲ್ಲಕ್ಕೂ ಆಧಾರ. 2000ದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಬಲ ಕೊಟ್ಟಿತು. 2024ರ ತಿದ್ದುಪಡಿ ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿತು. ನಾಲೆಗೆ ಪೈಪು ಇಳಿಬಿಟ್ಟು ರಾತ್ರಿ ಮೋಟಾರು ಹಾಕುವುದನ್ನು ಊರು ಕಂಡೂ ಕಾಣದಂತಿರುತ್ತದೆ. ಆ ನೀರು ಸರ್ಕಾರದ್ದಲ್ಲ, ಮೂರು ಊರು ಕೆಳಗಿನ ಮತ್ತೊಬ್ಬ ರೈತನ ಪೈರಿನದ್ದು.

ನಿಮ್ಮ ಸರ್ವೆ ನಂಬರು ಅಚ್ಚುಕಟ್ಟಿನ ಪಟ್ಟಿಯಲ್ಲಿ ಇದೆಯೇ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಇರುವುದು ಕಂದಾಯದ ವರ್ಗ, ಅದರಿಂದಷ್ಟೇ ನಾಲೆಯ ಹಕ್ಕು ತಿಳಿಯುವುದಿಲ್ಲ. ನಿಗಮದ ಉಪವಿಭಾಗದ ಕಚೇರಿಯಲ್ಲಿ ಅಚ್ಚುಕಟ್ಟು ನಕ್ಷೆ ಇರುತ್ತದೆ. ಯಾವ ವಿತರಣಾ ನಾಲೆ, ಯಾವ ತೂಬು, ನಿಮ್ಮ ಹೊಲ ಅದರ ಆರಂಭದಲ್ಲೋ ಕೊನೆಯಲ್ಲೋ ಎಂದು ಕೇಳಿ ಬರೆದುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. "ನೀರು ಬರ್ತಿಲ್ಲ ಸ್ವಾಮಿ" ಎಂಬ ದೂರಿಗೂ, "ಇಂಥ ತೂಬಿಗೆ ಇಂಥ ತಾರೀಖಿನಿಂದ ನೀರು ಬಂದಿಲ್ಲ" ಎಂಬ ದೂರಿಗೂ ಬಹಳ ಅಂತರ. ಕಾಲುವೆಯ ಹೂಳು, ಗಿಡಗಂಟಿ ತೆಗೆಸುವ ಒತ್ತಾಯವಂತೂ ಬೇಸಿಗೆಯಲ್ಲೇ ಆಗಬೇಕು. ನೀರು ಬಿಟ್ಟ ಮೇಲೆ ಹೂಳೆತ್ತಲು ಆಗುವುದಿಲ್ಲ.

ಹೊಲದಲ್ಲೇ ಅಳೆಯಿರಿ

ನಿಮ್ಮ ಕಾಲುವೆಯಲ್ಲಿ ಎಷ್ಟು ನೀರು ಬರುತ್ತಿದೆ ಎಂದು ತಿಳಿಯಲು ಯಂತ್ರ ಬೇಡ. ಕಾಲುವೆ ನೇರವಾಗಿರುವ ಕಡೆ ಮೂವತ್ತು ಅಡಿ ಅಳೆದು ಎರಡು ಗೂಟ ನೆಡಿ. ಒಣ ತೆಂಗಿನ ಚಿಪ್ಪನ್ನೋ ಮರದ ತುಂಡನ್ನೋ ತೇಲಿಬಿಟ್ಟು, ಮೊದಲ ಗೂಟದಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿ. ಇಪ್ಪತ್ತು ಸೆಕೆಂಡಾದರೆ ವೇಗ ಸೆಕೆಂಡಿಗೆ ಒಂದೂವರೆ ಅಡಿ. ಮೇಲಿನ ನೀರು ತಳದ ನೀರಿಗಿಂತ ಜೋರು, ಆದ್ದರಿಂದ ಹತ್ತರಲ್ಲಿ ಎಂಟು ಪಾಲು ಹಿಡಿಯಿರಿ: 1.2 ಅಡಿ. ಕಾಲುವೆಯಲ್ಲಿ ನೀರಿನ ಅಗಲ ಎರಡು ಅಡಿ, ಆಳ ಮುಕ್ಕಾಲು ಅಡಿ ಇದ್ದರೆ ಗುಣಿಸಿದಾಗ ಒಂದೂವರೆ. ಅದನ್ನು 1.2ರಿಂದ ಗುಣಿಸಿದರೆ 1.8 ಕ್ಯುಸೆಕ್.

ಇನ್ನು ನೆನಪಿಡಲು ಒಂದೇ ಸೂತ್ರ ಸಾಕು. ಒಂದು ಕ್ಯುಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು. ರಾಗಿಗೆ ಒಂದು ಸಲಕ್ಕೆ ಎರಡು ಇಂಚು ಕೊಡಬೇಕಾದರೆ, 1.8 ಕ್ಯುಸೆಕ್ ಬರುವ ಕಾಲುವೆಯಿಂದ ಒಂದು ಎಕರೆಗೆ ಒಂದು ಗಂಟೆ ಹತ್ತು ನಿಮಿಷ ಸಾಕು. ರಾತ್ರಿಯಿಡೀ ತಿರುಗಿಸಿಟ್ಟು ಮಲಗಿದರೆ ನೀರು ಬೇರಿನ ಕೆಳಗೆ ಇಳಿದು ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ. ಒಂದೇ ತೂಬಿನ ಹತ್ತು ಜನ ಈ ಲೆಕ್ಕದಲ್ಲಿ ಗಂಟೆ ಹಂಚಿಕೊಂಡು, ಕೊನೆಯ ಹೊಲದಿಂದ ಶುರುಮಾಡಿ ಮೇಲಕ್ಕೆ ಬಂದರೆ ಜಗಳ ಅರ್ಧಕ್ಕೆ ಇಳಿಯುತ್ತದೆ.

ಅರಸೀಕೆರೆ ಕಡೆಯವರಿಗೆ ಇದಕ್ಕಿಂತ ಬೇರೆ ಲೆಕ್ಕ ಬೇಕು, ಏಕೆಂದರೆ ಅಲ್ಲಿಯ ಬದುಕು ತೆಂಗು, ಕೊಬ್ಬರಿ. ಎಕರೆಗೆ 65 ಮರ, ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 60 ಲೀಟರ್ ಎಂದರೆ ಎಕರೆಗೆ 3,900 ಲೀಟರ್. ಒಂದು ಎಕರೆ ಭತ್ತ ನಾಲ್ಕು ಅಡಿ ಲೆಕ್ಕದಲ್ಲಿ ಒಂದೇ ಬೆಳೆಗೆ ಕುಡಿಯುವುದು 49 ಲಕ್ಷ ಲೀಟರ್. ಆ ನೀರು ಒಂದು ಎಕರೆ ತೆಂಗಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸಾಲುತ್ತದೆ. ಈ ಅಂಕಿಯನ್ನು ಬರೆಯುವ ಮೊದಲು ಎರಡು ಸಲ ಗುಣಿಸಿ ನೋಡಿದೆ, ಅಷ್ಟು ಅಚ್ಚರಿಯಾಯಿತು.

ತೊಡಕೆಂದರೆ ತೆಂಗಿಗೆ ನೀರು ಬೇಕಾಗುವುದು ಫೆಬ್ರುವರಿಯಿಂದ ಮೇ ತನಕ, ನಾಲೆಯಲ್ಲಿ, ಕೆರೆಯಲ್ಲಿ ನೀರು ಇರುವುದು ಅದಕ್ಕೆ ಮುಂಚೆ. ಈ ಕಂದಕ ದಾಟಲು ಕೃಷಿಹೊಂಡ. ಮೇಲೆ 21 ಮೀಟರ್ ಉದ್ದಗಲ, ಮೂರು ಮೀಟರ್ ಆಳ, ಬದಿಗಳು ಒಂದಕ್ಕೊಂದರ ಇಳಿಜಾರಿನಲ್ಲಿ ತೋಡಿದ ಹೊಂಡದಲ್ಲಿ ಸುಮಾರು 9.8 ಲಕ್ಷ ಲೀಟರ್ ನಿಲ್ಲುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಇಂಗುವುದನ್ನು ತಡೆದರೂ ಬಿಸಿಲು ತನ್ನ ಪಾಲು ತೆಗೆದುಕೊಳ್ಳುತ್ತದೆ. ದಿನಕ್ಕೆ 6 ಮಿ.ಮೀ. ಆವಿಯಾದರೆ ತುಂಬಿದ ಹೊಂಡದಿಂದ 2,600 ಲೀಟರ್. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಎಕರೆ ತೋಟ ಸುಮಾರು ಐದು ತಿಂಗಳು ದಾಟುತ್ತದೆ. ಅಷ್ಟರಲ್ಲಿ ಮುಂಗಾರಿನ ಮೊದಲ ಹದ ಬಿದ್ದಿರುತ್ತದೆ.

ಹೊಂಡವಿಲ್ಲದವರಿಗೂ ಕೆರೆ ತುಂಬಿದ ಲಾಭ ನೆಲದೊಳಗಿನಿಂದ ಬರುತ್ತದೆ, ಆದರೆ ತಡವಾಗಿ. ಅದನ್ನು ಹಿಡಿಯಲು ಒಂದು ಉಪಾಯ: ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಹದಿನೈದು ದಿನಕ್ಕೊಮ್ಮೆ ನಿಮ್ಮ ತೆರೆದ ಬಾವಿಯಲ್ಲಿ ಇಳಿಬಿಡಿ. ನೀರು ಎಷ್ಟನೇ ಗಂಟಿಗೆ ಸಿಕ್ಕಿತು, ಆ ದಿನ ಕೆರೆಯಲ್ಲಿ ನೀರು ತೂಬಿನ ಯಾವ ಮೆಟ್ಟಿಲಿಗಿತ್ತು, ಎರಡನ್ನೂ ತಾರೀಖಿನೊಂದಿಗೆ ಬರೆದಿಡಿ. ಕೆರೆ ತುಂಬಿ ಎಷ್ಟು ವಾರಕ್ಕೆ ಬಾವಿ ಏರಿತು, ಕೆರೆ ಇಳಿದು ಎಷ್ಟು ವಾರಕ್ಕೆ ಇಳಿಯಿತು ಎಂದು ಎರಡು ವರ್ಷದಲ್ಲಿ ಗೊತ್ತಾಗುತ್ತದೆ. ಮುಂದಿನ ಸಲ ಸಲಹಾ ಸಮಿತಿ ಸೇರುವ ಮೊದಲು ನಿಮ್ಮ ಶಾಸಕರ ಬಳಿ, ಎಂಜಿನಿಯರ ಬಳಿ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. ಯಾವ ವಾರ ನೀರು ಬಿಟ್ಟರೆ ನಿಮ್ಮೂರಿಗೆ ಉಪಯೋಗ ಎಂದು ಅದರ ಪುಟ ತೆರೆದು ತೋರಿಸಬಹುದು.